ಕನ್ನಡಕ ಕೊಡಲು ಬಂದವಳು

"ಹೆಂಡತಿ ತೀರಿಕೊಂಡ ಮೇಲೇ ನಾನು ಕುಡಿಯೋಕೆ ಶುರು ಮಾಡಿದ್ದು," ಎಂದು ಬಡಗಿ ಗುಂಪಿನ ಮುಂದೆ ಹೇಳುತ್ತಿದ್ದಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕುಡಿತ ಬಿಡುವವರ ಈ ಸಭೆಯನ್ನು ಅವರಿವರನ್ನು ಕೇಳಿ ಹುಡುಕಿದವಳು ಅವಳೇ. ಪ್ರತಿ ವಾರ ಗೇಟಿನ ತನಕ ಬಿಟ್ಟು ಹೋಗುತ್ತಿದ್ದವಳು, ಇಂದು ಅವನು ಮರೆತುಬಂದ ಕನ್ನಡಕ ಕೊಡಲು ಮಹಡಿ ಹತ್ತಿದ್ದಳು.

"ದೇವರಂಥವಳು," ಎಂದ ಬಡಗಿ. "ಒಂದು ದಿನ ಎದುರು ಮಾತಾಡಿದವಳಲ್ಲ." ಪಕ್ಕದಲ್ಲಿದ್ದ ಮುದುಕರೊಬ್ಬರು ಅವನ ಬೆನ್ನು ಸವರಿದರು. ತನ್ನ ಬಗ್ಗೆ ಅವನು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಆಗ ಅವನು ತಲೆಯೆತ್ತಿ ಅವಳನ್ನು ಕಂಡ. ಮುಖ ಬಿಳಿಚಿತು, ಕೈ ಕುರ್ಚಿಯ ಕೆಳಗಿನ ಚೀಲಕ್ಕಾಗಿ ತಡಕಾಡಿತು. ಈಗ ಎದ್ದರೆ ಅವನು ನೇರ ಬಾರ್‌ಗೆ ಹೋಗುತ್ತಾನೆ, ಮತ್ತೆಂದೂ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಯಾರು ಬೇಕಿತ್ತಮ್ಮಾ?" ಎಂದು ಮುದುಕರು ಕೇಳಿದರು.

"ನಾನು ಇವನ ಅಕ್ಕ," ಎಂದು ಅವಳು ಕನ್ನಡಕವನ್ನು ಅವನ ಮಡಿಲಲ್ಲಿಟ್ಟಳು.

"ಬನ್ನಿ, ಕೂತ್ಕೊಳ್ಳಿ. ನಿಮ್ಮ ತಮ್ಮ ಹೆಂಡತಿನ ನೆನೆಸ್ಕೊಂಡು ಬಹಳ ನೊಂದಿದ್ದಾರೆ."

"ಹೌದು," ಎಂದಳು ಅವಳು, ಖಾಲಿ ಕುರ್ಚಿಯ ತುದಿಯಲ್ಲಿ ಕೂರುತ್ತ. "ಪಾಪ, ಅವಳಿಗೆ ಸಾಯೋ ವಯಸ್ಸಾಗಿರಲಿಲ್ಲ."