ಕೆಂಪು ಖಾನೆ

ನಿಖಿಲ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ತಂಗಿ ತ್ರಿಶಲಾ ಬಣ್ಣ ಹಾಕಿ ಕೊಟ್ಟಿದ್ದ, ಅವಳ ಲಗ್ನಕ್ಕೆ ಕರೆಯುವವರ ಯಾದಿ ಎಕ್ಸೆಲ್ ಹಾಳೆಯಲ್ಲಿ ಚೊಕ್ಕಟವಾಯಿತು. ಹಳದಿ ಖಾನೆಗಳ ಮುಂದೆ ‘ಟಪಾಲು’ ಎಂದು ಮೂಡಿತು, ಹಸಿರಿನ ಮುಂದೆ ‘ಕೈಯಾರೆ’ ಎಂದು. ಕೆಂಪು ಖಾನೆ ಇದ್ದದ್ದು ಒಂದೇ. ಅದು ಹೆಸರು ಸಮೇತ ಮಾಯ! ಬಣ್ಣ ನೋಡಿ ತಾನೇ ಕೆಲಸ ಮಾಡುವ ಆ ಪುಟ್ಟ ಪ್ರೋಗ್ರಾಮು, ಮ್ಯಾಕ್ರೋ, ಅವನೇ ಬರೆದದ್ದು. ನಿಪ್ಪಾಣಿಯ ಅವನ ಆಫೀಸಿನಲ್ಲಿ ಕೆಂಪು ಅಂದರೆ ರದ್ದು.

ಹೋದ ಹೆಸರು ರಾಯಬಾಗದ ಕಮಲಾಬಾಯಿಯದು, ಅವನ ಸೋದರತ್ತೆ. ಹೊಲದ ಬದುವಿನ ಜಗಳದಲ್ಲಿ ಅಪ್ಪ ತಾತ್ಯಾಸಾಹೇಬರು ಆ ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪನೇ ಬೇಡ ಅಂದಿರಬೇಕು ಎಂದುಕೊಂಡ ಜಾಣ, ಯಾರನ್ನೂ ಒಂದು ಮಾತು ಕೇಳಲಿಲ್ಲ. ಅಚ್ಚಾಗಿ ಬಂದ ಯಾದಿಯಲ್ಲಿ ತಂಗಿಯ ಹೆಸರು ಕಾಣದಾಗ ತಾತ್ಯಾಸಾಹೇಬರೂ ಕೇಳಲಿಲ್ಲ. ಹುಡುಗರು ಫೋನು ಮಾಡಿ ಕರೆದಿರಬೇಕು ಎಂದು ಸುಮ್ಮನಾದರು. ತಾವೇ ಹೋಗಿ ಕರೆಯುವ ಸಂಕಟ ತಪ್ಪಿತಲ್ಲ ಎಂದು ಒಳಗೊಳಗೇ ಹಗುರವೂ ಆದರು.

ಲಗ್ನ ಮುಗಿಯಿತು. ಗಂಡನ ಮನೆಯಿಂದ ಮೊದಲ ಸಲ ತವರೂರು ಜುಗೂಳಕ್ಕೆ ಬಂದ ತ್ರಿಶಲಾ ಚಪ್ಪಲಿ ಬಿಡುತ್ತಲೇ ಕೇಳಿದಳು, “ಅತ್ತಿ ಯಾಕ ಬರಲಿಲ್ಲ?”

“ಕರದರ ಬರ್ತಾರ. ನೀನ ಕೆಂಪ ಮಾಡಿಟ್ಟಿದ್ದಿ, ನಾ ತಗದೆ” ಅಂದ ನಿಖಿಲ.

“ಅಯ್ಯ ದಾದಾ! ಅದು ಕುಂಕುಮದ ಕೆಂಪೋ! ಸಿಟ್ಟಾದವರ ಮನಿಗಿ ಹಿರ್ಯಾರ ಹೋಗಿ ಕುಂಕುಮ ಹಚ್ಚಿ ಕರೀಬೇಕು. ಅಪ್ಪಾನ ಹೋಗ್ಲಂತ ಬಣ್ಣಾ ಹಾಕಿದ್ದೆ. ಎಲ್ಲಾರಕಿಂತ ಮೊದಲ ಕರೀಬೇಕಾದಾಕಿ ಅಕಿ!”

ತಂಗಿಯನ್ನು ಯಾರೂ ಕರೆದೇ ಇರಲಿಲ್ಲ ಎಂಬುದು ಅಲ್ಲೇ ಕೂತಿದ್ದ ತಾತ್ಯಾಸಾಹೇಬರಿಗೆ ಈಗ ತಿಳಿಯಿತು. ಲಗ್ನದ ನೆಪದಲ್ಲಾದರೂ ತಂಗಿ ಮತ್ತೆ ಹೊಸ್ತಿಲು ತುಳಿದಾಳು ಎಂಬ ಆಸೆ ಅವರಿಗೂ ಇತ್ತು. ಆಗಲೇ ಮಗನನ್ನು ಎಬ್ಬಿಸಿಕೊಂಡು ರಾಯಬಾಗಕ್ಕೆ ಹೊರಟರು.

ಕಮಲಾಬಾಯಿ ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು. ನಿಖಿಲ ಅವಳ ಕಾಲು ಮುಟ್ಟಿ, “ತಪ್ಪ ನಂದರಿ ಅತ್ತಿ. ಕಂಪ್ಯೂಟರಿನ್ಯಾಗ ನಿಮ್ಮ ಹೆಸರ ಅಳಿಸಿಹೋತು” ಅಂದ.

“ಇರ್ಲಿ ಬಿಡಪಾ. ಮಷೀನಿಗೇನ ಗೊತ್ತಾಕ್ಕತಿ, ಯಾರ ಯಾರಿಗಿ ಏನಾಗಬೇಕಂತ” ಎಂದು ಅವನ ತಲೆ ಸವರಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

“ಅಲ್ಲೋ ಅಣ್ಣಾ, ಹಂದರದಾಗ ಆರತಿ ಹೊತ್ತಿಗಿ ಸೋದರತ್ತಿ ಎಲ್ಲಿ ಅಂತ ಮಂದಿ ಕೇಳಿರಬೇಕಲ್ಲ. ಅವಾಗ ನೀ ಏನಂದಿ?”

ತಾತ್ಯಾಸಾಹೇಬರು ಬರಿದಾದ ಚಹಾದ ಕಪ್ಪನ್ನೇ ಮತ್ತೆ ತುಟಿಗೆ ಹಿಡಿದರು. ಅವತ್ತು “ಅಕಿಗಿ ಸೊಕ್ಕ ಬಾಳ” ಅಂದಿದ್ದರು. ಹಂದರದ ತುಂಬ ಕೇಳುವ ಹಾಗೆ ಅಂದಿದ್ದರು.