ಅಡ್ಡಹಲಗೆ

ಹೊಸ ಜನತಾ ಬಜಾರಿನಿಂದ ಚೀಲ ಹಿಡಿದು ಬರುತ್ತಿದ್ದ ಕರಿಬಸಮ್ಮನನ್ನು ಕಿರಾಣಿ ಅಂಗಡಿಯ ಮರುಳಪ್ಪ ಕರೆದು ನಿಲ್ಲಿಸಿದ. ಇಪ್ಪತ್ತು ವರ್ಷ ಆಕೆ, ತನ್ನ ಕೇರಿಯವರೆಲ್ಲರಂತೆ, ಅವನ ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಸಾಮಾನು ಒಯ್ದವಳು.

“ನಮ್ಮಲ್ಲೇ ಅಗ್ಗ ಐತಲ್ಲ, ಅಲ್ಲಿಗ್ಯಾಕೆ ಹೋಗ್ತೀಯ?”

“ರೇಟಿಗಲ್ಲ ಸಾವ್ಕಾರ್ರೆ. ಅಲ್ಲಿ ನನ್ನನ್ನೂ ಒಳಗೆ ಬಿಡ್ತಾರೆ. ಬ್ಯಾಳೆ ನಾನೇ ಮುಟ್ಟಿ ನೋಡಿ ಆರಿಸ್ಕಂತೀನಿ.”

ಕಟ್ಟೆಯ ಮೇಲಿದ್ದ ಗಿರಾಕಿಗಳು ಮರುಳಪ್ಪನನ್ನೇ ನೋಡುತ್ತಿದ್ದರು. ಅವನು ನಿಧಾನವಾಗಿ ಎದ್ದು, ಬಾಗಿಲಿಗಿದ್ದ ಅಡ್ಡಹಲಗೆಯನ್ನು ಎತ್ತಿ ಹಿಡಿದು, “ಒಳಗೆ ಬಾರವ್ವ,” ಎಂದ.

ಕರಿಬಸಮ್ಮ ಆಚೀಚೆ ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ತೊಗರಿಬೇಳೆಯ ಮೂಟೆಗೆ ಕೈ ಹಾಕಿದಳು. ಅವಳನ್ನು ತಡೆಯಲು ಅಭ್ಯಾಸಬಲದಿಂದ ಮುಂದಾದ ತನ್ನ ಕೈಯನ್ನು ಮರುಳಪ್ಪ ಹಿಂದಕ್ಕೆ ಎಳೆದುಕೊಂಡ.