ಒಂದೇ ಕೀಲಿಗೆ

ಅಣ್ಣ ತಂಗಿ ಬರುವಷ್ಟರಲ್ಲಿ ಮಾರಾಟಕ್ಕಿದ್ದ ಆ ಹಳೆಯ ಪಿಕಪ್ ಗಾಡಿ ಚಹಾದಂಗಡಿಯ ಎದುರು ಚಾಲೂ ಆಗಿಯೇ ನಿಂತಿತ್ತು.

"ಸಪ್ಪಳ ಕೇಳ್ರಿ," ಗಾಡಿಯ ಮಾಲೀಕ ಬಾನೆಟ್ ಸವರಿದ. "ಡೀಸೆಲ್ ಇಂಜಿನ್ ಅಂದ್ರ ಹಿಂಗಿರಬೇಕು. ಎಂಥಾ ಚಳ್ಯಾಗೂ ಒಂದೇ ಕೀಲಿಗೆ ಎದ್ದು ಕುಂದರ್ತದ!"

ಅಣ್ಣ ಫಕೀರೇಶ ಸಪ್ಪಳ ಕೇಳಿದ, ಹೊಗೆಯ ಬಣ್ಣ ನೋಡಿದ, ಆಯಿಲ್ ಕಡ್ಡಿ ಎಳೆದು ಮೂಸಿದ. ಅವನ ಮುಖ ಅರಳಿತು. ತಂಗಿ ದ್ಯಾಮವ್ವ ಮಾತ್ರ ಹಿಂದೆ ನಿಂತಿದ್ದಳು. ನಾಳೆಯಿಂದ ನಸುಕಿನಲ್ಲಿ ಈ ಗಾಡಿ ಓಡಿಸಿ ಡೇರಿಗೆ ಹಾಲು ಮುಟ್ಟಿಸಬೇಕಾದವಳು ಅವಳೇ. ಗಾಡಿ ಏಳದಿದ್ದರೆ ಊರ ಹಾಲೆಲ್ಲ ಕ್ಯಾನಿನಲ್ಲೇ ಒಡೆಯುತ್ತದೆ.

ಚಹಾ ಬಂತು, ಮಾತು ಕುದುರಿತು. ಒಂದು ತಾಸಾದರೂ ಇಂಜಿನ್ ಓಡುತ್ತಲೇ ಇತ್ತು. ಅಣ್ಣ ವ್ಯಾಪಾರ ಮುಗಿಸಲು ಕೈ ಚಾಚಿದ.

"ಒಮ್ಮೆ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ ಸಾಹುಕಾರ್ರ," ದ್ಯಾಮವ್ವ ನೆಲ ನೋಡುತ್ತ ಹೇಳಿದಳು.

"ಓಡೋ ಕುದುರೀನ ಯಾಕ ನಿಲ್ಲಸ್ತೀ ತಂಗೀ?" ಮಾಲೀಕ ನಕ್ಕ.

"ಸುಮ್ನಿರ, ನಿನಗೇನ್ ತಿಳೀತದ!" ಅಣ್ಣ ಗದರಿದ.

ಅವಳು ಗಾಡಿಯ ಹತ್ತಿರ ಹೋದಳು. ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದಳು. ಇಂಜಿನ್ ಗಪ್ಪಾಯಿತು.

ಮಾಲೀಕ ಬಾಯಿ ತೆರೆಯುವ ಮೊದಲೇ, ಚಹಾದಂಗಡಿಯ ಬೆಂಚಿನ ಮೇಲಿದ್ದ ನಾಲ್ವರು ಅರ್ಧ ಕುಡಿದ ಕಪ್ಪು ಕೆಳಗಿಟ್ಟು ಎದ್ದರು. ಲುಂಗಿ ಎತ್ತಿ ಕಟ್ಟಿಕೊಂಡು ಬಂದು, ಗಾಡಿಯ ಹಿಂದೆ ಸಾಲಾಗಿ ನಿಂತು ಕೈ ಕೊಟ್ಟರು.

"ದಿನದಂಗ ಕೆರೀ ತನಕ ನೂಕೂಣೇನ್ರೀ ಸಾಹುಕಾರ್ರ?"